ಬೌಲಿಂಗ್ ಬಿಟ್ಟ ಮೇಲೆ: ನಮ್ಮ ವೆಂಕಟೇಶ್ ಪ್ರಸಾದ್ ನಡೆದ ದಾರಿ



ಕ್ರಿಕೆಟ್ ಅಂದ ಕೂಡಲೇ ನಮ್ಮ ರೂಮುಗಳಲ್ಲಿ ಮಾತು ನಿಲ್ಲುವುದೇ ಇಲ್ಲ. ಒಂದೇ ಕೋಣೆಯಲ್ಲಿ ಮಂಡ್ಯದವರು, ಮಂಗಳೂರಿನವರು, ಕಲಬುರಗಿಯವರು ಇರ್ತೀವಿ. ಒಬ್ಬರಿಗೆ ಮುದ್ದೆ ಬೇಕು, ಒಬ್ಬರಿಗೆ ಕುಚ್ಚಲಕ್ಕಿ ಅನ್ನ, ಇನ್ನೊಬ್ಬರಿಗೆ ಜೋಳದ ರೊಟ್ಟಿ. ಆದರೆ ಪಕ್ಕದ ರೂಮಿನ ಪಾಕಿಸ್ತಾನಿ ಗೆಳೆಯರ ಜೊತೆ ಕ್ರಿಕೆಟ್ ವಾದಕ್ಕೆ ಬಿದ್ದರೆ ಮೂವರೂ ಒಂದೇ ಹೆಸರು ತೆಗೀತೀವಿ. ಅದು ವೆಂಕಟೇಶ್ ಪ್ರಸಾದ್. ಅವರೂ ನಗುತ್ತಾ ತಲೆ ಆಡಿಸ್ತಾರೆ. ಯಾವ ಚೆಂಡಿನ ಬಗ್ಗೆ ಮಾತು ಅಂತ ಎರಡೂ ಕಡೆಯವರಿಗೆ ಗೊತ್ತು.

ಆ ಒಂದು ಚೆಂಡು ಎಲ್ಲರಿಗೂ ನೆನಪಿದೆ. ಅದನ್ನು ಎಸೆದ ಮನುಷ್ಯ ಆಮೇಲೆ ಏನಾದರು, ಮೈ ಸಹಕರಿಸದೆ ಹೋದಾಗ ಏನು ಮಾಡಿದರು ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಮೈ ಬಗ್ಗಿಸಿ ದುಡಿಯುವ ನಮಗೆ ಆ ಎರಡನೆಯ ಭಾಗವೇ ಹೆಚ್ಚು ಬೇಕಾದ್ದು ಅಂತ ಅನಿಸಿ, ಈ ತಿಂಗಳು ಅವರ ಕಥೆ ಬರೆಯುತ್ತಿದ್ದೇವೆ.

ಚಿನ್ನಸ್ವಾಮಿ ಕ್ರೀಡಾಂಗಣ, 9 ಮಾರ್ಚ್ 1996

ಹೊಸ ಹುಡುಗರಿಗಾಗಿ ಮೊದಲು ಆ ಕಥೆಯನ್ನೇ ಹೇಳಿಬಿಡೋಣ. ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಗಲು–ರಾತ್ರಿ ಪಂದ್ಯ. ನವಜೋತ್ ಸಿಧು 93 ರನ್ ಹೊಡೆದರು. ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನಿಸ್‌ಗೇ ಬಾರಿಸಿ 25 ಚೆಂಡಿನಲ್ಲಿ 45 ರನ್ ಮಾಡಿದರು. ಭಾರತದ ಮೊತ್ತ 8 ವಿಕೆಟ್‌ಗೆ 287. ನಿಧಾನವಾಗಿ ಓವರ್ ಮುಗಿಸಿದ್ದಕ್ಕೆ ಪಾಕಿಸ್ತಾನಕ್ಕೆ ಒಂದು ಓವರ್ ಕಡಿತವಾಗಿ ಸಿಕ್ಕಿದ್ದು 49 ಓವರ್.

ಆದರೂ ಪಾಕಿಸ್ತಾನದ ಆರಂಭ ಬೆಂಕಿಯ ಹಾಗೆ ಇತ್ತು. ಸಯೀದ್ ಅನ್ವರ್ ಮತ್ತು ನಾಯಕ ಆಮಿರ್ ಸೊಹೈಲ್ ಮೊದಲ ವಿಕೆಟ್‌ಗೆ 84 ರನ್ ಸೇರಿಸಿದರು. ಅನ್ವರ್ ಅವರನ್ನು ಶ್ರೀನಾಥ್ ಕಳಿಸಿದರು. ಸೊಹೈಲ್ ಮಾತ್ರ ನಿಲ್ಲಲಿಲ್ಲ. 15ನೇ ಓವರಿನಲ್ಲಿ ಪ್ರಸಾದ್ ಹಾಕಿದ ಚೆಂಡನ್ನು ಕವರ್ ಕಡೆಗೆ ಬೌಂಡರಿಗೆ ಅಟ್ಟಿ, ಬ್ಯಾಟನ್ನು ಅತ್ತ ತೋರಿಸಿ, ಮುಂದಿನದೂ ಅಲ್ಲಿಗೇ ಅನ್ನುವ ಹಾಗೆ ಸನ್ನೆ ಮಾಡಿದರು. ಪ್ರಸಾದ್ ತಿರುಗಿ ನಡೆದರು, ಓಡಿ ಬಂದರು, ಹಾಕಿದರು. ಸೊಹೈಲ್ ಮತ್ತೆ ಅದೇ ಹೊಡೆತಕ್ಕೆ ಹೋದರು. ಆಫ್ ಸ್ಟಂಪ್ ಎಗರಿತು. ಈ ಸಲ ಕೈ ತೋರಿಸುವ ಸರದಿ ಪ್ರಸಾದ್ ಅವರದು. ತೋರಿಸಿದ್ದು ಪೆವಿಲಿಯನ್ ದಾರಿ.

ಅಲ್ಲಿಗೇ ಮುಗಿಯಲಿಲ್ಲ ಅನ್ನೋದನ್ನ ನಾವು ಮರೀತೀವಿ. ಅದೇ ಸ್ಪೆಲ್ಲಿನ ಹೊತ್ತಿಗೆ ಇಜಾಜ್ ಅಹ್ಮದ್, ಇಂಜಮಾಮ್ ಉಲ್ ಹಕ್ ಇಬ್ಬರೂ ಪ್ರಸಾದ್ ಅವರಿಗೇ ಬಿದ್ದರು. ಒಟ್ಟು 45 ರನ್‌ಗೆ 3 ವಿಕೆಟ್. ಕುಂಬ್ಳೆ ಅವರಿಗೂ 3. ಭಾರತ 39 ರನ್‌ಗಳಿಂದ ಗೆದ್ದಿತು. ಸಿಟ್ಟಿನಲ್ಲಿ ಒಂದು ಒಳ್ಳೆಯ ಚೆಂಡು ಹಾಕುವುದು ಯಾರಿಂದಲಾದರೂ ಆದೀತು. ಆ ಗದ್ದಲದಲ್ಲಿ ತಲೆ ತಣ್ಣಗಿಟ್ಟುಕೊಂಡು ಇನ್ನೂ ಇಬ್ಬರನ್ನು ಕೀಳುವುದೇ ಕಷ್ಟದ ಕೆಲಸ.

ಬೆಂಗಳೂರಿನ ಹುಡುಗ

ಪೂರ್ತಿ ಹೆಸರು ಬಾಪು ಕೃಷ್ಣರಾವ್ ವೆಂಕಟೇಶ್ ಪ್ರಸಾದ್. ಹುಟ್ಟಿದ್ದು ಬೆಂಗಳೂರಿನಲ್ಲಿ, 5 ಆಗಸ್ಟ್ 1969. ಅದೇ ತಿಂಗಳ 31ಕ್ಕೆ ಮೈಸೂರಿನಲ್ಲಿ ಜಾವಗಲ್ ಶ್ರೀನಾಥ್ ಹುಟ್ಟಿದರು. ಒಂದೇ ತಿಂಗಳಲ್ಲಿ, ಒಂದೇ ರಾಜ್ಯದಲ್ಲಿ ಹುಟ್ಟಿದ ಇಬ್ಬರು ಮುಂದೆ ಎರಡು ತುದಿಯಿಂದ ಭಾರತದ ಹೊಸ ಚೆಂಡು ಹಂಚಿಕೊಂಡರು.

ಆ ಕಾಲ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ನಮ್ಮ ದೇಶ ಅಂದರೆ ಸ್ಪಿನ್ನರ್‌ಗಳ ದೇಶ. ಕರ್ನಾಟಕ ಅಂದರೆ ಚಂದ್ರಶೇಖರ್, ಪ್ರಸನ್ನ. ವೇಗದ ಬೌಲರ್ ಆಗ್ತೀನಿ ಅಂತ ಹುಡುಗ ಹೊರಟರೆ, ಚಪ್ಪಟೆ ಪಿಚ್ಚಿನಲ್ಲಿ ಎಲುಬು ಮುರಿದುಕೊಳ್ಳೋಕೆ ಯಾಕಪ್ಪಾ ಅಂತ ಕೇಳುವವರೇ ಜಾಸ್ತಿ. 1987ರಲ್ಲಿ ಚೆನ್ನೈಯಲ್ಲಿ ಎಂಆರ್‌ಎಫ್ ಪೇಸ್ ಫೌಂಡೇಶನ್ ಶುರುವಾಯಿತು. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ ಬಂದು ಭಾರತದ ಹುಡುಗರಿಗೆ ಓಟ, ಕಾಲಿಡುವ ರೀತಿ, ಮೈ ಹದ ಎಲ್ಲ ಕಲಿಸಿದರು. ಅಲ್ಲಿ ಪಳಗಿದವರಲ್ಲಿ ಪ್ರಸಾದ್ ಕೂಡ ಒಬ್ಬರು. ವೇಗದ ಬೌಲಿಂಗ್ ಅಂದರೆ ಕಲಿಯಬಹುದಾದ, ಕಲಿಸಬಹುದಾದ ವಿದ್ಯೆ ಅನ್ನುವುದನ್ನು ಆ ತಲೆಮಾರು ಅಲ್ಲಿ ಕಂಡಿತು.

ಕರ್ನಾಟಕದ ಪರ ಆಡಿ, 1994ರ ಏಪ್ರಿಲ್ 2ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮೊದಲ ಒಂದು ದಿನದ ಪಂದ್ಯ ಆಡಿದಾಗ ಅವರಿಗೆ 24 ದಾಟಿತ್ತು. ಟೆಸ್ಟ್ ಟೋಪಿ ಸಿಗಲು ಇನ್ನೂ ಎರಡು ವರ್ಷ ಬೇಕಾಯಿತು. 1996ರ ಜೂನ್‌ನಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಅದು ಸಿಕ್ಕಾಗ ಅವರಿಗೆ 27 ಹತ್ತಿರ. ಈಗಿನ ಲೆಕ್ಕದಲ್ಲಿ ತಡವೇ.

ತಡವಾಗಿ ಬಂದರೂ ಕೈ ಖಾಲಿ ಬರಲಿಲ್ಲ. ಆ ಸರಣಿಯ 3 ಟೆಸ್ಟ್‌ಗಳಲ್ಲಿ 15 ವಿಕೆಟ್ ತೆಗೆದರು. ಎರಡನೇ ಟೆಸ್ಟ್ ಲಾರ್ಡ್ಸ್‌ನಲ್ಲಿ. ಗಂಗೂಲಿ, ದ್ರಾವಿಡ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟ ಪಂದ್ಯ ಅದು. ಅವರ ಬ್ಯಾಟಿಂಗ್ ಬಗ್ಗೆ ಪುಸ್ತಕಗಳೇ ಬಂದಿವೆ. ಅದೇ ಪಂದ್ಯದಲ್ಲಿ ಪ್ರಸಾದ್ 76 ರನ್‌ಗೆ 5 ವಿಕೆಟ್ ತೆಗೆದು ಲಾರ್ಡ್ಸ್ ಗೌರವ ಫಲಕದಲ್ಲಿ ಹೆಸರು ಬರೆಸಿಕೊಂಡರು. ಲಂಡನ್ನಿನಲ್ಲಿರುವ ನಮ್ಮ ಓದುಗರು ಆ ಕಡೆ ಹೋದರೆ ಫಲಕದಲ್ಲಿ ಹುಡುಕಿ ನೋಡಿ, ನಮ್ಮೂರಿನವರ ಹೆಸರಿದೆ.

1996 ಕರ್ನಾಟಕಕ್ಕೆ ಸುಗ್ಗಿಯ ವರ್ಷ. ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್, ಗದಗಿನ ಸುನಿಲ್ ಜೋಶಿ, ಡೇವಿಡ್ ಜಾನ್ಸನ್ ಎಲ್ಲರೂ ಆ ವರ್ಷ ಭಾರತದ ಟೆಸ್ಟ್ ತಂಡದಲ್ಲಿ ಆಡಿದರು. ಮರುವರ್ಷ ಜನವರಿಯಲ್ಲಿ ದೊಡ್ಡ ಗಣೇಶ್ ಕೂಡ ಸೇರಿಕೊಂಡರು. ಡ್ರೆಸ್ಸಿಂಗ್ ರೂಮಿನಲ್ಲಿ ಕನ್ನಡ ಕೇಳಿಬರುತ್ತಿದ್ದ ಕಾಲ ಅದು.

ಸೋತ ಪಂದ್ಯಗಳಲ್ಲಿ ಗೆದ್ದ ಬೌಲರ್

ಪ್ರಸಾದ್ ಅವರ ದೊಡ್ಡ ದೊಡ್ಡ ಸಾಧನೆಗಳನ್ನು ಸಾಲಾಗಿ ಇಟ್ಟರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಎರಡು ಭಾರತ ಸೋತ ಪಂದ್ಯಗಳು.

ಮೊದಲನೆಯದು ಡರ್ಬನ್, 1996ರ ಡಿಸೆಂಬರ್. ದಕ್ಷಿಣ ಆಫ್ರಿಕಾದ ಎರಡೂ ಇನಿಂಗ್ಸ್‌ನಲ್ಲಿ ಪ್ರಸಾದ್ ಐದೈದು ವಿಕೆಟ್ ತೆಗೆದರು. ಪಂದ್ಯದಲ್ಲಿ 153 ರನ್‌ಗೆ 10 ವಿಕೆಟ್. ನಮ್ಮ ಬ್ಯಾಟಿಂಗ್ ಏನಾಯಿತು ಅಂತ ಕೇಳಬೇಡಿ. ಮೊದಲ ಇನಿಂಗ್ಸ್ 100, ಎರಡನೆಯದು 66. ಸೋಲಿನ ಅಂತರ 328 ರನ್.

ಎರಡನೆಯದು ಚೆನ್ನೈ, 1999ರ ಜನವರಿ, ಮತ್ತೆ ಪಾಕಿಸ್ತಾನ. ಎರಡನೇ ಇನಿಂಗ್ಸ್‌ನಲ್ಲಿ ಶಾಹಿದ್ ಅಫ್ರಿದಿ 141 ಹೊಡೆದು ಪಾಕಿಸ್ತಾನವನ್ನು 4 ವಿಕೆಟ್‌ಗೆ 275ಕ್ಕೆ ತಂದು ನಿಲ್ಲಿಸಿದ್ದರು. ಪಂದ್ಯ ಕೈ ಬಿಟ್ಟಿತು ಅನ್ನುವಾಗ ಪ್ರಸಾದ್ ಬಂದರು. ಒಂದೂ ರನ್ ಕೊಡದೆ 18 ಚೆಂಡಿನೊಳಗೆ 5 ವಿಕೆಟ್! ಪಾಕಿಸ್ತಾನ 286ಕ್ಕೆ ಆಲೌಟ್. ಪ್ರಸಾದ್ ಲೆಕ್ಕ 33ಕ್ಕೆ 6, ಅವರ ಟೆಸ್ಟ್ ಜೀವನದ ಶ್ರೇಷ್ಠ ಸಾಧನೆ. ಭಾರತಕ್ಕೆ ಬೇಕಿದ್ದದ್ದು 271. ಬೆನ್ನು ನೋವಿನಲ್ಲೇ ಸಚಿನ್ 136 ಹೊಡೆದರು. ಆದರೂ 12 ರನ್ ಕಮ್ಮಿ ಬಿತ್ತು. ಆ ಟೆಸ್ಟ್ ಅಂದರೆ ಸಚಿನ್ ಕಣ್ಣೀರು, ಗೆದ್ದ ಪಾಕಿಸ್ತಾನಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಚೆನ್ನೈ ಜನ ನೆನಪಾಗ್ತಾರೆ. ಆ ಪಂದ್ಯವನ್ನು ಪಂದ್ಯವಾಗಿ ಉಳಿಸಿದ್ದು ಆ 18 ಚೆಂಡುಗಳು.

ಗೆದ್ದ ಪಂದ್ಯದ ಕಥೆಯೂ ಒಂದಿದೆ. 8 ಜೂನ್ 1999, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್. ಅತ್ತ ಕಾರ್ಗಿಲ್‌ನಲ್ಲಿ ಗುಂಡಿನ ಸದ್ದು, ಇತ್ತ ವಿಶ್ವಕಪ್ ಸೂಪರ್ ಸಿಕ್ಸ್‌ನಲ್ಲಿ ಭಾರತ–ಪಾಕಿಸ್ತಾನ. ಭಾರತ ಮಾಡಿದ್ದು 227 ಮಾತ್ರ. ಪ್ರಸಾದ್ 27 ರನ್‌ಗೆ 5 ವಿಕೆಟ್ ತೆಗೆದರು: ಸಯೀದ್ ಅನ್ವರ್, ಸಲೀಂ ಮಲಿಕ್, ಇಂಜಮಾಮ್, ಮೊಯಿನ್ ಖಾನ್, ವಾಸಿಂ ಅಕ್ರಂ. ಈ ಐದು ಹೆಸರು ಓದಿದರೆ ಸಾಕು, ಪಾಕಿಸ್ತಾನದ ಬೆನ್ನೆಲುಬೇ ಮುರಿದಿತ್ತು ಅಂತ ಗೊತ್ತಾಗುತ್ತದೆ. 47 ರನ್ ಗೆಲುವು, ಪಂದ್ಯಶ್ರೇಷ್ಠ ಪ್ರಸಾದ್.

ಒಟ್ಟು ಲೆಕ್ಕ ಹೀಗಿದೆ: 33 ಟೆಸ್ಟ್, 96 ವಿಕೆಟ್. 161 ಒಂದು ದಿನದ ಪಂದ್ಯ, 196 ವಿಕೆಟ್. ನೂರಕ್ಕೆ ನಾಲ್ಕು ಕಮ್ಮಿ, ಇನ್ನೂರಕ್ಕೂ ನಾಲ್ಕೇ ಕಮ್ಮಿ. 2000ದ ಸಾಲಿನ ಅರ್ಜುನ ಪ್ರಶಸ್ತಿಯೂ ಬಂತು.

ವೇಗ ಕಮ್ಮಿ, ತಲೆ ಜಾಸ್ತಿ

ಅವರನ್ನು ವೇಗದ ಬೌಲರ್ ಅಂತ ಕರೆದರೂ ಶೋಯಬ್ ಅಖ್ತರ್ ತರಹದ ವೇಗ ಅವರದಲ್ಲ. ಮಧ್ಯಮ ವೇಗಕ್ಕಿಂತ ಒಂದಿಷ್ಟು ಜಾಸ್ತಿ, ಅಷ್ಟೆ. ಶ್ರೀನಾಥ್ ಒಂದು ತುದಿಯಿಂದ ವೇಗದಲ್ಲಿ ಹೆದರಿಸಿದರೆ ಪ್ರಸಾದ್ ಇನ್ನೊಂದು ತುದಿಯಿಂದ ಕೆಣಕಿ ಕೆಣಕಿ ತಪ್ಪು ಮಾಡಿಸುತ್ತಿದ್ದರು. ಅವರ ದೊಡ್ಡ ಆಯುಧ ಲೆಗ್ ಕಟರ್, ಜೊತೆಗೆ ನಿಧಾನದ ಚೆಂಡು.

ಲೆಗ್ ಕಟರ್ ಅಂದರೆ ಏನು? ಬಲಗೈ ಬೌಲರ್ ಚೆಂಡನ್ನು ಬಿಡುವ ಕ್ಷಣದಲ್ಲಿ ಬೆರಳುಗಳನ್ನು ಚೆಂಡಿನ ಎಡಪಕ್ಕಕ್ಕೆ ಕೊಯ್ದ ಹಾಗೆ ಎಳೆಯುತ್ತಾನೆ. ಚೆಂಡು ಬ್ಯಾಟ್ಸ್‌ಮನ್ ಕಡೆಗೇ ಬರ್ತಾ ಇದೆ ಅನಿಸುತ್ತದೆ. ಪಿಚ್ ಆದ ಮೇಲೆ ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ಜಾರುತ್ತದೆ. ಅಂಚು ತಾಗಿದರೆ ಕೀಪರ್ ಕೈಗೆ, ಪೂರ್ತಿ ತಪ್ಪಿದರೆ ಆಫ್ ಸ್ಟಂಪಿಗೆ. ಓಡಿಬರುವ ರೀತಿಯಲ್ಲಿ, ತೋಳಿನ ವೇಗದಲ್ಲಿ ಏನೂ ಬದಲಾವಣೆ ಕಾಣಬಾರದು. ಎಲ್ಲಾ ಗುಟ್ಟು ಬೆರಳಲ್ಲಿ.

ನಮ್ಮ ಹುಡುಗರಿಗೆ ಇದು ಯಾಕೆ ಹೇಳ್ತಾ ಇದ್ದೀವಿ ಅಂದರೆ, ರಜೆಯ ದಿನ ಬೆಳಗ್ಗೆ ಪಾರ್ಕಿಂಗ್ ಜಾಗದಲ್ಲೋ ಮರಳು ನೆಲದಲ್ಲೋ ನಾವು ಆಡುವ ಟೇಪ್ ಬಾಲ್, ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಎಲ್ಲರಿಗೂ ಜೋರಾಗಿ ಎಸೆಯುವ ಆಸೆ. ವಾರವೆಲ್ಲ ಸಿಮೆಂಟ್ ಚೀಲ ಹೊತ್ತ ಸೊಂಟ, ಏಣಿ ಹತ್ತಿದ ಮಂಡಿ ಅದಕ್ಕೆ ಒಪ್ಪುತ್ತಾ? ಬೌಲರ್ ಮುಂಗಾಲು ಊರುವಾಗ ಅವನ ಮೈತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಕಾಂಕ್ರೀಟ್ ನೆಲ, ಸವೆದ ಚಪ್ಪಲಿ ಅಂದರೆ ಕೇಳೋದೇ ಬೇಡ. ಮೈ ಬಿಸಿ ಮಾಡಿಕೊಳ್ಳದೆ ಓಡಬೇಡಿ, ಒಳ್ಳೆಯ ಶೂ ಹಾಕಿ, ನೀರು ಕುಡೀತಾ ಇರಿ, ಎರಡು ಓವರ್ ಹಾಕಿ ಇನ್ನೊಬ್ಬರಿಗೆ ಕೊಡಿ. ನೋವು ಬಂದರೆ ಆಟ ಬಿಟ್ಟು ಕೂತುಕೊಳ್ಳಿ. ಶನಿವಾರ ಒಂದು ವಿಕೆಟ್ ತೆಗೆದು ಭಾನುವಾರದಿಂದ ಕೆಲಸಕ್ಕೆ ರಜೆ ಹಾಕುವ ಹಾಗಾದರೆ ನಷ್ಟ ಯಾರಿಗೆ? ಜೋರಿಗಿಂತ ಬೆರಳಿನ ಕೆಲಸ ಕಲಿಯಿರಿ. ಪ್ರಸಾದ್ ಅದರಿಂದಲೇ ಸುಮಾರು 300 ಅಂತರರಾಷ್ಟ್ರೀಯ ವಿಕೆಟ್ ತೆಗೆದರು.

ಕರೆ ಬಾರದ ನಾಲ್ಕು ವರ್ಷ

2001ರಲ್ಲಿ ಶ್ರೀಲಂಕಾ ಪ್ರವಾಸದಲ್ಲಿ ಕೊನೆಯ ಟೆಸ್ಟ್ ಆಡಿದರು. ಒಂದು ದಿನದ ಪಂದ್ಯಗಳೂ ಅದೇ ವರ್ಷ ಮುಗಿದವು. ಆಗ ಅವರಿಗೆ 32. ಜಹೀರ್ ಖಾನ್, ಆಶಿಶ್ ನೆಹ್ರಾ ಬಂದಿದ್ದರು. ಆಯ್ಕೆಯಿಂದ ಕೈಬಿಟ್ಟಾಗ ಯಾರೂ ಬಂದು ಇದು ನಿಮ್ಮ ಕೊನೆಯ ಪಂದ್ಯ ಅಂತ ಹೇಳುವುದಿಲ್ಲ. ತಂಡದ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರು ಇರುವುದಿಲ್ಲ. ಮುಂದಿನ ಪಟ್ಟಿಯಲ್ಲೂ ಇರುವುದಿಲ್ಲ. ನಿವೃತ್ತಿ ಘೋಷಿಸಿದ್ದು 2005ರ ಮೇ ತಿಂಗಳಲ್ಲಿ. ಅಂದರೆ ನಡುವೆ ಸುಮಾರು ನಾಲ್ಕು ವರ್ಷ.

ಆ ನಾಲ್ಕು ವರ್ಷ ಹೇಗಿರುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಹೇಳದೆಯೇ ಅರ್ಥವಾಗುತ್ತದೆ. ಕಾಂಟ್ರಾಕ್ಟ್ ನವೀಕರಣ ಆಗುತ್ತೋ ಇಲ್ಲವೋ ಅಂತ ಕಾಯುವುದು, ಹೊಸ ಹುಡುಗ ಬಂದು ನಾವು ಮಾಡುತ್ತಿದ್ದ ಕೆಲಸವನ್ನೇ ನಮ್ಮ ಕಣ್ಣೆದುರು ಬೇಗ ಮಾಡಿ ಮುಗಿಸುವುದು, ಊರಿನಿಂದ ಫೋನ್ ಬಂದಾಗ ಎಲ್ಲಾ ಚೆನ್ನಾಗಿದೆ ಅನ್ನುವುದು. ಕ್ರಿಕೆಟಿಗನಿಗೆ 32ಕ್ಕೆ ಬರುವುದು ನಮಗೆ 45ಕ್ಕೋ 50ಕ್ಕೋ ಬರುತ್ತದೆ. ವ್ಯತ್ಯಾಸ ಅಷ್ಟೇ. ದುಡ್ಡಿನಲ್ಲಿ ಅವರಿಗೂ ನಮಗೂ ಅಜಗಜಾಂತರ ಇದೆ, ಅದು ಒಪ್ಪಲೇಬೇಕಾದ ಮಾತು. ಆದರೆ ಗೊತ್ತಿದ್ದ ಒಂದೇ ಕೆಲಸ ಕೈ ತಪ್ಪಿದಾಗ ಮನಸ್ಸಿಗೆ ಆಗುವುದು ಒಂದೇ ತೂಕ.

ಪ್ರಸಾದ್ ಹಿಡಿದ ದಾರಿ ಕಲಿಸುವ ದಾರಿ. ಅದನ್ನೂ ದೊಡ್ಡ ತಂಡದಿಂದ ಶುರು ಮಾಡಲಿಲ್ಲ. ಹುಡುಗರಿಂದ ಶುರು ಮಾಡಿದರು.

ಹತ್ತೊಂಬತ್ತರೊಳಗಿನವರ ಮೇಷ್ಟ್ರು

2006ರ ಫೆಬ್ರುವರಿಯಲ್ಲಿ ಶ್ರೀಲಂಕಾದಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್‌ಗೆ ಭಾರತ ತಂಡದ ಕೋಚ್ ಆಗಿ ಹೋದರು. ಆ ತಂಡದಲ್ಲಿ ಯಾರಿದ್ದರು ಗೊತ್ತಾ? ರೋಹಿತ್ ಶರ್ಮಾ, ಚೇತೇಶ್ವರ್ ಪೂಜಾರ, ರವೀಂದ್ರ ಜಡೇಜ, ಪಿಯೂಷ್ ಚಾವ್ಲಾ. ಪೂಜಾರ 349 ರನ್ ಮಾಡಿ ಸರಣಿಶ್ರೇಷ್ಠ ಆದರು.

ಕೊಲಂಬೊದಲ್ಲಿ ಫೈನಲ್, ಎದುರಾಳಿ ಪಾಕಿಸ್ತಾನವೇ. ಚಾವ್ಲಾ 8 ರನ್‌ಗೆ 4 ವಿಕೆಟ್ ತೆಗೆದು ಪಾಕಿಸ್ತಾನವನ್ನು 109ಕ್ಕೆ ಕಟ್ಟಿಹಾಕಿದರು. ಕಪ್ ಕೈಗೆ ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಭಾರತ 9 ರನ್‌ಗೆ 6 ವಿಕೆಟ್ ಕಳಕೊಂಡಿತು. ಕೊನೆಗೆ 71ಕ್ಕೆ ಆಲೌಟ್. ಮೈದಾನಕ್ಕಿಳಿದು ಒಂದು ಚೆಂಡೂ ಹಾಕಲು ಆಗದೆ, ಹೊರಗೆ ಕೂತು ನೋಡುವುದು ಕೋಚ್‌ನ ಕೆಲಸ. ಬೌಲರ್ ಆಗಿದ್ದಾಗ ಡರ್ಬನ್‌ನಲ್ಲಿ, ಚೆನ್ನೈಯಲ್ಲಿ ಕಂಡಿದ್ದನ್ನೇ ಇಲ್ಲಿ ಬೇರೆ ಕುರ್ಚಿಯಲ್ಲಿ ಕೂತು ಕಂಡರು. ಆದರೆ ಆ ಸೋತ ಹುಡುಗರು ಮುಂದೆ ಏನಾದರು ಅನ್ನುವುದನ್ನು ನಾವು ಇಪ್ಪತ್ತು ವರ್ಷದಿಂದ ಟೀವಿಯಲ್ಲಿ ನೋಡುತ್ತಿದ್ದೇವೆ.

2007ರ ವಿಶ್ವಕಪ್‌ನಲ್ಲಿ ಭಾರತ ಮೊದಲ ಹಂತದಲ್ಲೇ ಹೊರಬಿತ್ತು. ಮನೆಗಳಿಗೆ ಕಲ್ಲು ಬಿದ್ದ ಕಾಲ. ಆಗ ಮಂಡಳಿ ಪ್ರಸಾದ್ ಅವರನ್ನು ಸೀನಿಯರ್ ತಂಡದ ಬೌಲಿಂಗ್ ಕೋಚ್ ಮಾಡಿತು, ರಾಬಿನ್ ಸಿಂಗ್ ಅವರನ್ನು ಫೀಲ್ಡಿಂಗ್ ಕೋಚ್ ಮಾಡಿತು. ಅದೇ ಬೇಸಿಗೆಯಲ್ಲಿ ದ್ರಾವಿಡ್ ನಾಯಕತ್ವದ ತಂಡ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿಯನ್ನು 1–0ಯಿಂದ ಗೆದ್ದಿತು. 1986ರ ನಂತರ ಅಲ್ಲಿ ಮೊದಲ ಸರಣಿ ಗೆಲುವು. ಜಹೀರ್ 18 ವಿಕೆಟ್ ತೆಗೆದರು, ಆರ್.ಪಿ. ಸಿಂಗ್ ಲಾರ್ಡ್ಸ್‌ನಲ್ಲಿ 5 ವಿಕೆಟ್ ತೆಗೆದು ಅದೇ ಗೌರವ ಫಲಕ ಸೇರಿದರು.

ಡರ್ಬನ್‌ನಲ್ಲಿ ಖಾಲಿ ಗೂಟ

ಆ ವರ್ಷ ಸೆಪ್ಟೆಂಬರ್‌ನಲ್ಲಿ ಮೊದಲ ಟಿ–20 ವಿಶ್ವಕಪ್, ದಕ್ಷಿಣ ಆಫ್ರಿಕಾದಲ್ಲಿ. 14ರಂದು ಡರ್ಬನ್‌ನಲ್ಲಿ ಭಾರತ–ಪಾಕಿಸ್ತಾನ ಪಂದ್ಯ 141–141ಕ್ಕೆ ಟೈ ಆಯಿತು. ಈಗಿನ ಹಾಗೆ ಸೂಪರ್ ಓವರ್ ಇರಲಿಲ್ಲ. ಬೌಲ್ ಔಟ್ ಅಂತ ಒಂದು ನಿಯಮ. ಬ್ಯಾಟ್ಸ್‌ಮನ್ ಇಲ್ಲದ ಖಾಲಿ ಗೂಟಕ್ಕೆ ಎರಡೂ ತಂಡದವರು ಸರದಿಯಲ್ಲಿ ಚೆಂಡು ಹಾಕಬೇಕು, ಯಾರು ಹೆಚ್ಚು ಸಲ ಹೊಡೀತಾರೋ ಅವರು ಗೆದ್ದ ಹಾಗೆ.

ಪ್ರಸಾದ್ ಇಲ್ಲಿ ಒಂದು ಸಣ್ಣ ಕೆಲಸ ಮಾಡಿಟ್ಟಿದ್ದರು. ನಿಯಮ ಪುಸ್ತಕದಲ್ಲಿ ಇದೆ ಅಂದ ಮೇಲೆ ಯಾವತ್ತಾದರೂ ಬಂದೇ ಬರುತ್ತೆ ಅಂತ, ಅಭ್ಯಾಸದ ವೇಳೆ ಹುಡುಗರ ಕೈಯಲ್ಲಿ ಖಾಲಿ ಗೂಟಕ್ಕೆ ಚೆಂಡು ಹಾಕಿಸುತ್ತಿದ್ದರು. ಯಾರು ಸರಿಯಾಗಿ ಹೊಡೀತಾರೆ ಅಂತ ಗಮನಿಸಿಟ್ಟಿದ್ದರು. ಹೆಸರಿನಿಂದ ನೋಡಿದರೆ ವೇಗದ ಬೌಲರ್‌ಗಳನ್ನು ಕಳಿಸಬೇಕು. ಅಭ್ಯಾಸದಲ್ಲಿ ಕಂಡದ್ದು ಬೇರೆ: ಸೆಹ್ವಾಗ್, ಉತ್ತಪ್ಪ ಅಂಥವರೇ ಹೆಚ್ಚು ಸಲ ಹೊಡೆಯುತ್ತಿದ್ದರು. ಸೆಹ್ವಾಗ್, ಹರ್ಭಜನ್, ನಮ್ಮ ರಾಬಿನ್ ಉತ್ತಪ್ಪ ಮೂವರೂ ಹಾಕಿದ ಮೂರೂ ಚೆಂಡು ಗೂಟಕ್ಕೆ ಬಡಿದವು. ಧೋನಿ ಗೂಟದ ನೇರ ಹಿಂದೆಯೇ ಮೊಣಕಾಲೂರಿ ಕೂತು ಗುರಿ ಸುಲಭ ಮಾಡಿಕೊಟ್ಟರು. ಪಾಕಿಸ್ತಾನದ ಮೂವರೂ ತಪ್ಪಿಸಿದರು. 3–0.

ಹತ್ತು ದಿನ ಕಳೆದು ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಕೊನೆಯ ಓವರ್ ಜೋಗಿಂದರ್ ಶರ್ಮಾ ಹಾಕಿದ್ದು, ಮಿಸ್ಬಾ ಹೊಡೆತ ಶ್ರೀಶಾಂತ್ ಕೈ ಸೇರಿದ್ದು, 5 ರನ್ ಗೆಲುವು, ಇದೆಲ್ಲ ನಿಮಗೆ ಬಾಯಿಪಾಠ. ಕಪ್ ಎತ್ತಿದವರ ಫೋಟೋದಲ್ಲಿ ಕೋಚ್ ಮುಖ ಹುಡುಕಬೇಕು. ಕಟ್ಟಡ ಉದ್ಘಾಟನೆ ದಿನ ಫೋಟೋದಲ್ಲಿ ಗಾರೆ ಕೆಲಸದವನನ್ನು ಹುಡುಕಿದ ಹಾಗೆ.

ಒಂದು ಸಾಲಿನ ವಿದಾಯ

2008ರಲ್ಲಿ ಗ್ಯಾರಿ ಕರ್ಸ್ಟನ್ ಮುಖ್ಯ ಕೋಚ್ ಆಗಿ ಬಂದರು, ಪ್ರಸಾದ್ ಮುಂದುವರಿದರು. ಅದೇ ವರ್ಷ ಶುರುವಾದ ಐಪಿಎಲ್‌ನ ಮೊದಲ ಋತುವಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್‌ಗೂ ಕೋಚ್ ಆಗಿದ್ದರು. ಮೊದಲ ವರ್ಷ ಆರ್‌ಸಿಬಿ ಏನು ಮಾಡಿತು ಅಂತ ಇಲ್ಲಿ ಬರೆದು ನಿಮ್ಮ ಹೊಟ್ಟೆ ಉರಿಸುವುದಿಲ್ಲ.

2009ರ ಅಕ್ಟೋಬರ್‌ನಲ್ಲಿ, ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಬೇಗ ಹೊರಬಿದ್ದ ಮೇಲೆ, ಕ್ರಿಕೆಟ್ ಮಂಡಳಿ ಪ್ರಸಾದ್ ಮತ್ತು ರಾಬಿನ್ ಸಿಂಗ್ ಇಬ್ಬರ ಸೇವೆಯನ್ನೂ ಕೊನೆಗೊಳಿಸಿತು. ಇಂಗ್ಲೆಂಡ್ ಸರಣಿ ಗೆಲುವು, ಟಿ–20 ಕಪ್ಪು ಎರಡರಲ್ಲೂ ಇದ್ದವರು. ಆಟಗಾರನಾಗಿ ಪಟ್ಟಿಯಿಂದ ಹೆಸರು ಹೋದ ಹಾಗೆಯೇ ಕೋಚ್ ಆಗಿಯೂ ಹೋಯಿತು.

ನಮ್ಮ ಕಥೆಯ ತಿರುಳು ಇಲ್ಲಿದೆ. ಅಲ್ಲಿಗೆ ಪ್ರಸಾದ್ ನಿಲ್ಲಲಿಲ್ಲ. ಚೆನ್ನೈ ಸೂಪರ್ ಕಿಂಗ್ಸ್‌ಗೆ ಬೌಲಿಂಗ್ ಕೋಚ್ ಆದರು. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಕರ್ನಾಟಕ ಕ್ರಿಕೆಟ್ ಸಂಸ್ಥೆಗೆ ಬಂದಾಗ ಇವರೂ ಜೊತೆಗೆ ಉಪಾಧ್ಯಕ್ಷರಾಗಿ ಬಂದರು. 2014ರಲ್ಲಿ ‘ಸಚಿನ್! ತೆಂಡೂಲ್ಕರ್ ಅಲ್ಲ’ ಅನ್ನುವ ಕನ್ನಡ ಸಿನಿಮಾದಲ್ಲಿ ಕ್ರಿಕೆಟ್ ಕೋಚ್ ಪಾತ್ರವನ್ನೇ ಮಾಡಿದರು. ಆಮೇಲೆ ಜೂನಿಯರ್ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 2018ರಲ್ಲಿ ಪೃಥ್ವಿ ಶಾ ನಾಯಕತ್ವದಲ್ಲಿ, ದ್ರಾವಿಡ್ ಕೋಚ್ ಆಗಿದ್ದಾಗ 19ರೊಳಗಿನವರ ವಿಶ್ವಕಪ್ ಗೆದ್ದ ತಂಡವನ್ನು ಆರಿಸಿದ್ದು ಆ ಸಮಿತಿ. 12 ವರ್ಷದ ಹಿಂದೆ ಕೊಲಂಬೊದಲ್ಲಿ ಕೈ ಜಾರಿದ್ದ ಕಪ್ಪು ಹೀಗೆ ಇನ್ನೊಂದು ದಾರಿಯಲ್ಲಿ ಬಂತು. ಅದಾದ ಮೇಲೆ ಪಂಜಾಬ್ ಐಪಿಎಲ್ ತಂಡಕ್ಕೆ ಬೌಲಿಂಗ್ ಕೋಚ್ ಆಗಿ ಹೋದರು.

2025ರ ಜೂನ್ 4ರಂದು ಆರ್‌ಸಿಬಿ ಕಪ್ ಗೆದ್ದ ಸಂಭ್ರಮದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಜೀವ ಹೋಯಿತು. ನಾವು ಇಲ್ಲಿ ಫೋನು ಹಿಡಿದು ನಮ್ಮವರು ಕ್ಷೇಮವೇ ಅಂತ ಕೇಳುತ್ತಾ ಕೂತ ರಾತ್ರಿ ಅದು. ಆ ವರ್ಷದ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಪ್ರಸಾದ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಗೆದ್ದರು. ಸೊಹೈಲ್ ಗೂಟ ಎಗರಿಸಿದ ಅದೇ ಮೈದಾನದ ಹೊಣೆ ಈಗ ಅವರ ಹೆಗಲ ಮೇಲೆ. ವಿಕೆಟ್ ತೆಗೆಯುವುದಕ್ಕಿಂತ ಕಷ್ಟದ ಕೆಲಸ ಇದು. ಆಟ ನೋಡಲು ಹೋದ ಮಕ್ಕಳು ಮನೆಗೆ ವಾಪಸ್ ಬರುವ ಹಾಗಿರಬೇಕು.

ಅದೇ ದಾರಿಯ ಇನ್ನಷ್ಟು ಕನ್ನಡಿಗರು

ಪ್ರಸಾದ್ ಒಬ್ಬರೇ ಅಲ್ಲ. ಶ್ರೀನಾಥ್ ಕೋಚ್ ಆಗಲಿಲ್ಲ, 2006ರಿಂದ ಐಸಿಸಿ ಮ್ಯಾಚ್ ರೆಫರಿ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದವರು. ಅವರು ನಮ್ಮ ಕೊಲ್ಲಿಯ ಒಮಾನ್ ತಂಡಕ್ಕೇ 2016ರ ಟಿ–20 ವಿಶ್ವಕಪ್ ಹೊತ್ತಿಗೆ ಸ್ಪಿನ್ ಬೌಲಿಂಗ್ ಕಲಿಸಿದರು. ಬಾಂಗ್ಲಾದೇಶಕ್ಕೂ ಕಲಿಸಿದರು. ದಾವಣಗೆರೆಯ ಆಟೋ ಚಾಲಕರ ಮಗ ವಿನಯ್ ಕುಮಾರ್ ರಣಜಿಯಲ್ಲಿ 400ಕ್ಕೂ ಹೆಚ್ಚು ವಿಕೆಟ್ ತೆಗೆದು, ಕರ್ನಾಟಕಕ್ಕೆ ಸತತ ಎರಡು ಸಲ ರಣಜಿ ಗೆಲ್ಲಿಸಿ, ನಿವೃತ್ತಿ ಆದ ಮೇಲೆ ಹೊಸ ಹುಡುಗರನ್ನು ಹುಡುಕುವ ಕೆಲಸಕ್ಕೆ ಮುಂಬೈ ಇಂಡಿಯನ್ಸ್ ಸೇರಿದರು.

ದೊಡ್ಡ ಗಣೇಶ್ ಅವರ ಅನುಭವ ನಮಗೆ ಇನ್ನೂ ಹತ್ತಿರದ್ದು. 2024ರ ಆಗಸ್ಟ್‌ನಲ್ಲಿ ಕೀನ್ಯಾ ದೇಶದ ತಂಡಕ್ಕೆ ಕೋಚ್ ಆಗಿ ನೇಮಕವಾದರು. ಒಂದು ತಿಂಗಳಾಗುತ್ತಿದ್ದ ಹಾಗೆ, ನೇಮಕದ ಕ್ರಮ ಸರಿಯಿಲ್ಲ ಅಂತ ಅಲ್ಲಿನ ಸಂಸ್ಥೆ ಅದನ್ನು ರದ್ದು ಮಾಡಿತು. ಭಾರತದ ಪರ ಟೆಸ್ಟ್ ಆಡಿದವರಿಗೂ ಪರದೇಶದ ಕಾಂಟ್ರಾಕ್ಟ್ ಹೀಗೆ ಕೈ ಕೊಡಬಹುದು ಅಂದ ಮೇಲೆ, ನಾವು ಸಹಿ ಹಾಕುವ ಕಾಗದವನ್ನು ಎರಡು ಸಲ ಓದಿದರೆ ತಪ್ಪೇನಿಲ್ಲ, ಅಲ್ವಾ?

ನಮ್ಮ ಕೈಯಲ್ಲಿರುವ ವಿದ್ಯೆ

ಈ ಕಥೆಯಿಂದ ನಾವು ತೆಗೆದುಕೊಂಡದ್ದು ಎರಡು ಮಾತು.

ಒಂದು, ಕೆಲಸ ಮಾಡುವುದು ಬೇರೆ, ಕೆಲಸ ಕಲಿಸುವುದು ಬೇರೆ. ಎರಡನೆಯದಕ್ಕೂ ತಯಾರಿ ಬೇಕು. ಕಲಿಸುವವನು ತಾನು ಹೇಗೆ ಮಾಡ್ತಿದ್ದೆ ಅಂತ ಹೇಳಿದರೆ ಸಾಲದು. ಎದುರಿನ ಹುಡುಗನಿಗೆ ಯಾವುದು ಒಗ್ಗುತ್ತದೆ ಅಂತ ನೋಡಬೇಕು. ಬೌಲ್ ಔಟ್‌ನಲ್ಲಿ ವೇಗದ ಬೌಲರ್‌ನನ್ನು ಬಿಟ್ಟು ಉತ್ತಪ್ಪ ಕೈಗೆ ಚೆಂಡು ಕೊಟ್ಟದ್ದು ಹಾಗೆ ನೋಡಿದ್ದರಿಂದಲೇ. ನಮ್ಮಲ್ಲಿ ಹದಿನೈದು ಇಪ್ಪತ್ತು ವರ್ಷ ವೆಲ್ಡಿಂಗ್, ವೈರಿಂಗ್, ಟೈಲ್ಸ್, ಡ್ರೈವಿಂಗ್, ಅಡುಗೆ, ನರ್ಸಿಂಗ್ ಮಾಡಿದವರಿದ್ದಾರೆ. ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೆರಳಿನಲ್ಲಿರುವ ಲೆಗ್ ಕಟರ್ ಊರಿನ ಐಟಿಐ ಹುಡುಗನಿಗೆ ಗೊತ್ತಿಲ್ಲ. ಇಲ್ಲಿಂದ ಹೊರಡುವ ಮೊದಲು ಅನುಭವ ಪತ್ರ, ಲೈಸೆನ್ಸ್, ತರಬೇತಿ ಸರ್ಟಿಫಿಕೇಟು ಎಲ್ಲವನ್ನೂ ಕೇಳಿ ಪಡೆದುಕೊಳ್ಳಿ. ಕೆಲಸ ಮುಗಿದ ಮೇಲೆ ಕೇಳಿದರೆ ಸಿಗುವುದು ಕಷ್ಟ. ಹೊಸದಾಗಿ ಬಂದ ಹುಡುಗನಿಗೆ ಇವತ್ತಿನಿಂದಲೇ ಕಲಿಸಲು ಶುರು ಮಾಡಿ. ನಿಮಗೂ ಕಲಿಸುವುದು ರೂಢಿ ಆಗುತ್ತದೆ.

ಎರಡು, ಕೈಬಿಟ್ಟರು ಅನ್ನುವುದು ಕೊನೆ ಅಲ್ಲ. ಪ್ರಸಾದ್ ಅವರನ್ನು 2001ರಲ್ಲಿ ಬಿಟ್ಟರು, 2009ರಲ್ಲಿ ಬಿಟ್ಟರು. ಎರಡು ಸಲವೂ ಅವರು ತಮಗೆ ಗೊತ್ತಿದ್ದ ಕ್ರಿಕೆಟ್ಟನ್ನು ಬಿಡಲಿಲ್ಲ, ಅದರೊಳಗೇ ಇನ್ನೊಂದು ಬಾಗಿಲು ತಟ್ಟಿದರು.

ಬರುವ ರಜೆಯ ದಿನ ಆಟಕ್ಕೆ ಹೋದಾಗ ಅಂಚಿನಲ್ಲಿ ಚೆಂಡು ಹೆಕ್ಕಿ ಕೊಡುತ್ತಾ ನಿಂತಿರುವ ಹುಡುಗನನ್ನೋ ಹುಡುಗಿಯನ್ನೋ ಕರೆದು ಒಂದು ಓವರ್ ಹಾಕಿಸಿ. ಹಾಕುವಾಗ ಬೈಯಬೇಡಿ, ಬೆರಳು ಹೇಗೆ ಹಿಡಿಯಬೇಕು ತೋರಿಸಿಕೊಡಿ.